ಒಂದೇ ಗ್ರೇಡ್, ಒಂದೇ ದಪ್ಪ: ಈ ಲಾಟಿನ ಅಲ್ಯೂಮಿನಿಯಂ ಸರ್ಕಲ್‌ಗೆ ಮಾತ್ರ ಕಿತ್ತಳೆ ಸಿಪ್ಪೆಯಂಥ ಮೈ ಯಾಕೆ?

ಮಾಚೇನಹಳ್ಳಿ ವರ್ಕ್‌ಶಾಪ್

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಶೆಡ್ ಇದೆ. ಅಡುಗೆಯವರು ಮದುವೆ ಮನೆಗೆ ಒಯ್ಯುವ ದೊಡ್ಡ ಬೋಗುಣಿ, ಅನ್ನದ ಪಾತ್ರೆ, ಮುಚ್ಚಳ ಮಾಡುತ್ತೇವೆ. 3003 ಗ್ರೇಡಿನ (ಮ್ಯಾಂಗನೀಸ್ ಬೆರೆತ ಅಲ್ಯೂಮಿನಿಯಂ) 2 ಮಿ.ಮೀ. ಸಾಫ್ಟ್ ಸರ್ಕಲ್, ಅಂದರೆ ದುಂಡಗೆ ಕತ್ತರಿಸಿದ ಮೆತ್ತನೆ ಶೀಟ್, ತರಿಸುತ್ತೇವೆ. ಮೊದಲು ಪ್ರೆಸ್ಸಿನಲ್ಲಿ ಎಳೆಯುವುದು, ಆಮೇಲೆ ಸ್ಪಿನ್ನಿಂಗ್ ಲೇತಿನಲ್ಲಿ ತಿದ್ದುವುದು. ಹನ್ನೆರಡು ವರ್ಷದಿಂದ ಇದೇ ಕೆಲಸ.

ಕಳೆದ ತಿಂಗಳು ಬಂದ ಲಾಟ್ ಒಂದು ನಮ್ಮನ್ನು ಕಂಗೆಡಿಸಿದೆ. ಡೈ ಅದೇ, ಎಣ್ಣೆ ಅದೇ, ಕೆಲಸದವರೂ ಅವರೇ. ಆದರೆ ಪಾತ್ರೆಯ ಭುಜ ತಿರುಗುವ ಜಾಗದಲ್ಲಿ ಮೈಯೆಲ್ಲ ಕಿತ್ತಳೆ ಸಿಪ್ಪೆಯ ಹಾಗೆ ಒರಟಾಗುತ್ತದೆ. ಪಾಲಿಶ್ ಹಿಡಿದರೂ ಹೋಗುವುದಿಲ್ಲ. ಒಂದೆರಡು ಪಾತ್ರೆ ಅಲ್ಲಿಯೇ ಸೀಳಿಯೂ ಬಿಟ್ಟವು.

ಹಳೆ ಲಾಟಿನ ಮತ್ತು ಹೊಸ ಲಾಟಿನ ಟೆಸ್ಟ್ ಸರ್ಟಿಫಿಕೇಟ್ ಪಕ್ಕಪಕ್ಕ ಇಟ್ಟು ನೋಡಿದೆ. ಮ್ಯಾಂಗನೀಸ್, ಕಬ್ಬಿಣ, ಸಿಲಿಕಾನ್ ಹೆಚ್ಚುಕಡಿಮೆ ಒಂದೇ. ಗಡಸುತನವೂ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಇನ್ನೂ ಮುನ್ನೂರು ಸರ್ಕಲ್ ಗೋಡೆಗೆ ಒರಗಿಸಿಟ್ಟಿದ್ದೇವೆ. ಸರಬರಾಜು ಮಾಡಿದವರು "ಸರ್ಟಿಫಿಕೇಟ್ ಸರಿ ಇದೆಯಲ್ಲ" ಎನ್ನುತ್ತಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಭದ್ರಾವತಿ ಹಳೆ ರೋಲರ್

ನಿಮ್ಮ ವಿವರ ಓದಿದರೆ ಗ್ರೇನ್ ದಪ್ಪ ಆಗಿದೆ ಅಂತ ಕಾಣುತ್ತದೆ. ಲೋಹದ ಒಳಗೆ ಹರಳುಗಳಿರುತ್ತವೆ, ಅವನ್ನೇ ಗ್ರೇನ್ ಅನ್ನುವುದು. ಹರಳು ಸಣ್ಣದಿದ್ದರೆ ಎಳೆದಾಗ ಮೈ ನುಣುಪಾಗಿ ಉಳಿಯುತ್ತದೆ. ದೊಡ್ಡದಿದ್ದರೆ ಒಂದೊಂದು ಹರಳೂ ತನ್ನದೇ ದಿಕ್ಕಿಗೆ ಜಾರುತ್ತದೆ, ಅದೇ ಮೇಲೆ ಉಬ್ಬುತಗ್ಗಾಗಿ ಕಾಣುತ್ತದೆ.

ನಾನು ಉಕ್ಕಿನ ರೋಲಿಂಗ್‌ನಲ್ಲಿ ಮೂವತ್ತು ವರ್ಷ ಇದ್ದವನು. 1923ರಿಂದ ಕಬ್ಬಿಣ ಕರಗಿಸಿದ ಊರು ನಮ್ಮದು. ಗ್ರೇನ್ ದಪ್ಪ ಆದ ಉಕ್ಕನ್ನು ನಾವು ಮತ್ತೆ 900 ಡಿಗ್ರಿ ದಾಟಿಸಿ ಕಾಯಿಸಿ ಗಾಳಿಯಲ್ಲಿ ಆರಲು ಬಿಡುತ್ತಿದ್ದೆವು. ನಾರ್ಮಲೈಸಿಂಗ್ ಅಂತ. ಗ್ರೇನ್ ಸಣ್ಣಗಾಗಿ ಬರುತ್ತಿತ್ತು. ನೀವೂ ಸರ್ಕಲ್‌ಗಳನ್ನು ಒಮ್ಮೆ ಭಟ್ಟಿಗೆ ಹಾಕಿ ನೋಡಬಹುದು.

ತೀರ್ಥಹಳ್ಳಿ ಮೆಟಲರ್ಜಿ

ವರ್ಕ್‌ಶಾಪ್ ಅಣ್ಣ, ದಯವಿಟ್ಟು ಈಗಲೇ ಭಟ್ಟಿಗೆ ಹಾಕಬೇಡಿ. ನಾನು ತೀರ್ಥಹಳ್ಳಿ ಕಡೆಯವನು. ಈಗ ಹೊರರಾಜ್ಯದಲ್ಲಿ ಅಲ್ಯೂಮಿನಿಯಂ ರೋಲಿಂಗ್ ಕೆಲಸದಲ್ಲಿದ್ದೇನೆ. ಹಳೆ ರೋಲರ್ ಅವರು ಹೇಳಿದ್ದು ಉಕ್ಕಿಗೆ ನೂರಕ್ಕೆ ನೂರು ಸರಿ. ಅಲ್ಯೂಮಿನಿಯಂಗೆ ನಡೆಯುವುದಿಲ್ಲ. ಕಾರಣ ಹೇಳುತ್ತೇನೆ.

ಉಕ್ಕನ್ನು ಕಾಯಿಸಿದಾಗ ಅದರ ಒಳಗಿನ ಪರಮಾಣುಗಳ ಜೋಡಣೆಯೇ ಬದಲಾಗುತ್ತದೆ. ಶುದ್ಧ ಕಬ್ಬಿಣದಲ್ಲಿ ಇದು ಸುಮಾರು 910 ಡಿಗ್ರಿಯಲ್ಲಿ ಆಗುತ್ತದೆ. ಹಳೆ ಹರಳು ಅಳಿದು ಹೊಸ ಹರಳು ಹುಟ್ಟುತ್ತದೆ. ಆರುವಾಗ ಮತ್ತೊಮ್ಮೆ ಹುಟ್ಟುತ್ತದೆ. ಹಾಗಾಗಿ ಬರೀ ಶಾಖದಿಂದಲೇ ಗ್ರೇನ್ ಸಣ್ಣ ಮಾಡಬಹುದು. ಅಲ್ಯೂಮಿನಿಯಂನಲ್ಲಿ ಈ ಬದಲಾವಣೆ ಇಲ್ಲ. ಮಾಮೂಲಿ ತಾಪದಿಂದ ಹಿಡಿದು 660 ಡಿಗ್ರಿಯಲ್ಲಿ ಕರಗುವ ತನಕ ಅದರ ಜೋಡಣೆ ಒಂದೇ. ಹೊಸ ಹರಳು ಹುಟ್ಟಬೇಕಾದರೆ ಮೊದಲು ಲೋಹವನ್ನು ಜಜ್ಜಿ, ಎಳೆದು, ಒಳಗೆ ಬಿಗಿತ ತುಂಬಿರಬೇಕು. ಬಿಗಿತ ಇಲ್ಲದ ಸಾಫ್ಟ್ ಶೀಟನ್ನು ಸುಮ್ನೆ ಕಾಯಿಸಿದರೆ ಇರುವ ಹರಳುಗಳೇ ಒಂದನ್ನೊಂದು ನುಂಗಿ ಇನ್ನೂ ದೊಡ್ಡದಾಗುತ್ತವೆ.

ಇನ್ನು ಗಡಸುತನ ಒಂದೇ ಇದೆ ಅಂದಿರಲ್ಲ, ಅದರಿಂದ ಮೋಸ ಹೋಗಬೇಡಿ. ಗ್ರೇನ್ ಸಣ್ಣಗಾದರೆ ಬಲ ಹೆಚ್ಚುತ್ತದೆ ಎನ್ನುವ ಲೆಕ್ಕ 1950ರ ದಶಕದಿಂದ ಎಲ್ಲರಿಗೂ ಗೊತ್ತು. ಆದರೆ ಅಲ್ಯೂಮಿನಿಯಂನಲ್ಲಿ ಆ ಪರಿಣಾಮ ಉಕ್ಕಿಗಿಂತ ತುಂಬಾ ಕಡಿಮೆ. 50 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಭಾಗ) ಗ್ರೇನ್ ಮತ್ತು 500 ಮೈಕ್ರಾನ್ ಗ್ರೇನ್ ನಡುವೆ ಬಲದ ವ್ಯತ್ಯಾಸ ಹತ್ತು ಮೆಗಾಪ್ಯಾಸ್ಕಲ್ ಒಳಗೇ ಇರುತ್ತದೆ. ಗಡಸುತನದ ಯಂತ್ರಕ್ಕೆ ಅದು ಗೊತ್ತೇ ಆಗುವುದಿಲ್ಲ. ಎಳೆಯುವಾಗ ಪಾತ್ರೆಯ ಮೈಗೆ ಗೊತ್ತಾಗುತ್ತದೆ. ನಿಮಗೆ ಆಗಿರುವುದು ಅದೇ.

ಸಾಗರದ ಓದುಗಿ

ನಾನು ಇಂಜಿನಿಯರ್ ಅಲ್ಲ, ಅಡಿಕೆ ತೋಟದವಳು. ಆದರೂ ಆಸಕ್ತಿಯಿಂದ ಓದುತ್ತಿದ್ದೇನೆ. ಆಲೆಮನೆಯಲ್ಲಿ ನೋಡಿದ್ದು ನೆನಪಾಯಿತು. ಪಾಕ ಇಳಿಸಿದ ಮೇಲೆ ಎಷ್ಟು ಕೈಯಾಡಿಸುತ್ತೇವೆ, ಎಷ್ಟು ಬೇಗ ಆರುತ್ತದೆ ಎನ್ನುವುದರ ಮೇಲೆ ಬೆಲ್ಲದ ಹರಳು ನಿಲ್ಲುತ್ತದೆ. ಅಲ್ಯೂಮಿನಿಯಂಗೂ ಎರಕ ಹೊಯ್ಯುವಾಗಲೇ ಹರಳು ನಿರ್ಧಾರ ಆಗಿಬಿಡುತ್ತದೆಯೇ?

ತೀರ್ಥಹಳ್ಳಿ ಮೆಟಲರ್ಜಿ

ಒಳ್ಳೆಯ ಪ್ರಶ್ನೆ ಅಕ್ಕ. ಮೊದಲ ಹರಳು ಎರಕದಲ್ಲೇ ಹುಟ್ಟುತ್ತದೆ. ಅದು ಸಣ್ಣದಾಗಿರಲಿ ಅಂತ ಕರಗಿದ ಲೋಹಕ್ಕೆ ಟೈಟಾನಿಯಂ-ಬೋರಾನ್ ಇರುವ ಕಡ್ಡಿ ಬೆರೆಸುತ್ತಾರೆ. ಬೆಲ್ಲದ ಹೋಲಿಕೆ ಅಲ್ಲಿಯ ತನಕ ಸರಿಯಾಗಿ ಕೂರುತ್ತದೆ. ಆದರೆ ಎರಕದ ದಿಮ್ಮಿ ಅರ್ಧ ಮೀಟರಿಗೂ ಜಾಸ್ತಿ ದಪ್ಪ ಇರುತ್ತದೆ. ಅದನ್ನು 500 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿ, ಉರುಳೆಗಳ ನಡುವೆ ಹತ್ತಿಪ್ಪತ್ತು ಸಲ ಹಾಯಿಸಿ ಕೆಲವು ಮಿ.ಮೀ.ಗೆ ಇಳಿಸುತ್ತಾರೆ. ಅಷ್ಟರಲ್ಲಿ ಎರಕದ ಹರಳು ಹೆಸರಿಲ್ಲದಂತೆ ಹೋಗಿರುತ್ತದೆ. ಪಾತ್ರೆಯಲ್ಲಿ ಕಾಣುವ ಹರಳು ಬಿಸಿ ರೋಲಿಂಗ್ ಮತ್ತು ಅದರ ನಂತರದ ಕೆಲಸದಲ್ಲಿ ಹುಟ್ಟಿದ್ದು.

ಬಿಸಿ ರೋಲಿಂಗ್‌ನಲ್ಲಿ ಅಲ್ಯೂಮಿನಿಯಂ ನಡೆದುಕೊಳ್ಳುವ ರೀತಿಯೇ ಬೇರೆ. ಒತ್ತಿದಾಗ ಒಳಗೆ ಕೋಟ್ಯಂತರ ಸಣ್ಣ ದೋಷದ ಗೆರೆಗಳು ಹುಟ್ಟುತ್ತವೆ. ಅಲ್ಯೂಮಿನಿಯಂನಲ್ಲಿ ಈ ಗೆರೆಗಳು ಸುಲಭವಾಗಿ ದಾರಿ ಬದಲಿಸಿ, ಒಂದನ್ನೊಂದು ಅಳಿಸಿ, ಉಳಿದವು ಸಾಲಾಗಿ ನಿಂತು ಪುಟ್ಟ ಕೋಣೆಗಳನ್ನು ಕಟ್ಟಿಕೊಳ್ಳುತ್ತವೆ. ಒಂದು ಕೋಣೆ ಕೆಲವೇ ಮೈಕ್ರಾನ್. ಇದಕ್ಕೆ ರಿಕವರಿ ಅನ್ನುತ್ತೇವೆ. ದೊಡ್ಡ ಹರಳು ಚಪ್ಪಟೆಯಾಗಿ ಉದ್ದಕ್ಕೆ ಎಳೆದುಕೊಂಡಿರುತ್ತದೆ, ಅದರ ಒಳಗೆ ಈ ಕೋಣೆಗಳು. ಉರುಳೆಯ ಅಡಿಯಲ್ಲಿರುವಾಗಲೇ ಹೊಸ ಹರಳು ಹುಟ್ಟುವುದು ಕಡಿಮೆ. ಅದು ಉರುಳೆ ದಾಟಿದ ಮೇಲೆ, ಎರಡು ಪಾಸಿನ (ಉರುಳೆ ಹಾಯಿಸುವ ಒಂದೊಂದು ಸಲ) ನಡುವೆ ಅಥವಾ ಶೀಟನ್ನು ಕಾಯಿಲ್ ಆಗಿ ಸುತ್ತಿಟ್ಟ ಮೇಲೆ ನಡೆಯುತ್ತದೆ. ರೀಕ್ರಿಸ್ಟಲೈಸೇಶನ್ ಅಂದರೆ ಅದು.

ಇಂಜಿನಿಯರಿಂಗ್ ವಿದ್ಯಾರ್ಥಿನಿ, ಶಿವಮೊಗ್ಗ

ವರ್ಕ್‌ಶಾಪ್ ಅಣ್ಣ, ಗ್ರೇನ್ ನೋಡಲು ದೊಡ್ಡ ಲ್ಯಾಬ್ ಬೇಡ. ಎರಡೂ ಲಾಟಿನ ಅಂಗೈ ಅಗಲದ ತುಂಡು ಕತ್ತರಿಸಿ. ಸಣ್ಣ ಎಮರಿ ಪೇಪರಿನಲ್ಲಿ ಉಜ್ಜಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಶೇ. 10ರಷ್ಟು ಕಾಸ್ಟಿಕ್ ಸೋಡಾ ನೀರು ಮಾಡಿ, 60 ಡಿಗ್ರಿ ಆಸುಪಾಸು ಬೆಚ್ಚಗಿರುವಾಗ ಕೆಲವು ನಿಮಿಷ ಅದ್ದಿ. ಕಪ್ಪು ಪೊರೆ ಕೂರುತ್ತದೆ. ನೀರಲ್ಲಿ ತೊಳೆದು, ತೆಳು ನೈಟ್ರಿಕ್ ಆಮ್ಲದಲ್ಲಿ ಅದ್ದಿದರೆ ಪೊರೆ ಹೋಗುತ್ತದೆ. ಗ್ರೇನ್ ದೊಡ್ಡದಿದ್ದರೆ ಬರಿಗಣ್ಣಿಗೇ ಹೊಳೆಯುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸೋಡಾವನ್ನೇ ನೀರಿಗೆ ಸ್ವಲ್ಪ ಸ್ವಲ್ಪ ಹಾಕಬೇಕು, ನೀರನ್ನು ಸೋಡಾಕ್ಕೆ ಸುರಿಯಬಾರದು. ಅದ್ದಿದಾಗ ಹೈಡ್ರೋಜನ್ ಬರುತ್ತದೆ, ಹತ್ತಿರ ಬೀಡಿ, ವೆಲ್ಡಿಂಗ್ ಏನೂ ಇರಬಾರದು. ತೆರೆದ ಜಾಗದಲ್ಲಿ ಮಾಡಿ. ಕೈಗವಸು, ಕನ್ನಡಕ ಬೇಕೇ ಬೇಕು. ಉಳಿದ ನೀರನ್ನು ಹಾಗೇ ಚರಂಡಿಗೆ ಬಿಡಬೇಡಿ. ಮೈಕ್ರೋಸ್ಕೋಪಿಗೆ ಬಳಸುವ ಕೆಲ್ಲರ್ ದ್ರಾವಣದಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಅದು ಚರ್ಮದ ಒಳಗಿಳಿದು ಮೂಳೆಯ ತನಕ ಹೋಗುವ ವಿಷ. ಅದನ್ನು ಶೆಡ್ಡಿನಲ್ಲಿ ಯಾವತ್ತೂ ಮುಟ್ಟಬೇಡಿ.

ಮಾಚೇನಹಳ್ಳಿ ವರ್ಕ್‌ಶಾಪ್

ನಿನ್ನೆ ಸಂಜೆ ಮಾಡಿದೆವು. ಹಳೆ ಲಾಟಿನ ತುಂಡು ಒಂದೇ ಸಮ ಬೂದು, ಏನೂ ಕಾಣಲಿಲ್ಲ. ಹೊಸ ಲಾಟಿನದು ನೋಡಿ ನಾವೆಲ್ಲ ಬೆರಗಾದೆವು. ಹೊಸ ತಗಡಿನ ಬಕೆಟ್ಟಿನ ಮೇಲೆ ಸತುವಿನ ಹೂವು ಕಾಣುತ್ತದಲ್ಲ, ಹಾಗೆ ತೇಪೆ ತೇಪೆ. ಒಂದೊಂದೂ ಒಂದು ಮಿ.ಮೀ. ಹತ್ತಿರ ಇದೆ. ಬೆಳಕಿಗೆ ಓರೆ ಮಾಡಿದರೆ ಒಂದು ಹೊಳೆಯುತ್ತದೆ, ಪಕ್ಕದ್ದು ಮಂಕಾಗುತ್ತದೆ.

ಹನ್ನೆರಡು ವರ್ಷ ಈ ಲೋಹ ಮುಟ್ಟಿದ್ದೇನೆ. ಅದರ ಹರಳನ್ನು ಕಣ್ಣಾರೆ ನೋಡಿದ್ದು ಇದೇ ಮೊದಲು.

ತೀರ್ಥಹಳ್ಳಿ ಮೆಟಲರ್ಜಿ

ತುಂಬಾ ಖುಷಿಯಾಯಿತು. ಗ್ರೇನ್ ನೂರು ಮೈಕ್ರಾನ್ ಮೀರುತ್ತಾ ಹೋದ ಹಾಗೆ ಎಳೆದ ಮೈ ಒರಟಾಗುವುದು ಕಣ್ಣಿಗೆ ಬೀಳತೊಡಗುತ್ತದೆ. ನಿಮ್ಮದು ಅದರ ಹತ್ತು ಪಟ್ಟು.

ಈಗ ಇನ್ನೊಂದು ಕೆಲಸ. ಶೀಟಿನ ಅಂಚನ್ನು, ಅಂದರೆ 2 ಮಿ.ಮೀ. ದಪ್ಪದ ಮುಖವನ್ನು ಉಜ್ಜಿ ಅದೇ ರೀತಿ ಅದ್ದಿ. ದಪ್ಪ ಗ್ರೇನ್ ಮೇಲ್ಮೈ ಹತ್ತಿರ ಮಾತ್ರ ಇದೆಯೋ, ನಡುವಿನ ತನಕ ಇದೆಯೋ ನೋಡಿ. ಇದು ಯಾಕೆ ಮುಖ್ಯ ಅಂದರೆ, ರೋಲಿಂಗ್‌ನಲ್ಲಿ ಮೇಲ್ಮೈ ಮತ್ತು ನಡುಭಾಗ ಒಂದೇ ಥರದ ಬಾಳು ಬಾಳುವುದಿಲ್ಲ. ಉರುಳೆ ತಣ್ಣಗಿರುತ್ತದೆ, ಅದರ ಮೇಲೆ ಎಣ್ಣೆ ಬೆರೆತ ನೀರು ಸುರಿಯುತ್ತಿರುತ್ತದೆ. ಮೇಲ್ಮೈ ಬೇಗ ತಣ್ಣಗಾಗುತ್ತದೆ. ಉರುಳೆಯ ಉಜ್ಜಾಟದಿಂದ ಅಲ್ಲಿ ಒತ್ತಡದ ಜೊತೆಗೆ ಜಾರುವ ಎಳೆತವೂ ಇರುತ್ತದೆ. ನಡುಭಾಗ ಬರೀ ಒತ್ತಿಸಿಕೊಳ್ಳುತ್ತದೆ. ಎಣ್ಣೆ ಸರಿ ಇಲ್ಲದೆ ಉಜ್ಜಾಟ ಜಾಸ್ತಿಯಾದರೆ ಎರಡಕ್ಕೂ ಗ್ರೇನ್ ಬೇರೆ ಬೇರೆ ಬರುತ್ತದೆ.

ಮಾಚೇನಹಳ್ಳಿ ವರ್ಕ್‌ಶಾಪ್

ಭೂತಗನ್ನಡಿ ಹಿಡಿದು ನೋಡಿದೆವು. ಮೇಲಿಂದ ಕೆಳತನಕ ದಪ್ಪ ಗ್ರೇನೇ. ಕೆಲವು ಕಡೆ ಎರಡು ಮೂರು ಹರಳಿಗೇ ಶೀಟಿನ ಇಡೀ ದಪ್ಪ ಮುಗಿದುಹೋಗುತ್ತದೆ.

ಭದ್ರಾವತಿ ಹಳೆ ರೋಲರ್

ಮೊದಲು ಒಂದು ಮಾತು. ಭಟ್ಟಿಗೆ ಹಾಕಿ ಅಂತ ನಾನು ಹೇಳಿದ್ದು ತಪ್ಪಾಯಿತು. ತಿದ್ದಿದ್ದಕ್ಕೆ ತೀರ್ಥಹಳ್ಳಿಯವರಿಗೆ ಕೃತಜ್ಞತೆ. ಈ ವಯಸ್ಸಿನಲ್ಲಿ ಹೊಸದು ಕಲಿತದ್ದು ಸಂತೋಷ.

ನನ್ನ ಪ್ರಶ್ನೆ ಇದು. ಉಕ್ಕಿನಲ್ಲಿ ನಾವು ಕೊನೆ ಪಾಸಿನ ಬಿಸಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೆವು. ಫಿನಿಶಿಂಗ್ ಟೆಂಪರೇಚರ್ ಜಾಸ್ತಿಯಾದರೆ ಗ್ರೇನ್ ದಪ್ಪ. ಅಲ್ಯೂಮಿನಿಯಂನಲ್ಲೂ ಹಾಗೆಯೇ? ಬಿಸಿ ಮುಖ್ಯವೋ, ಉರುಳೆಯ ವೇಗ ಮುಖ್ಯವೋ?

ತೀರ್ಥಹಳ್ಳಿ ಮೆಟಲರ್ಜಿ

ಸರ್, ನಿಮ್ಮಂಥವರಿಂದಲೇ ನಾವು ಕಲಿತಿದ್ದು. ಈ ಪ್ರಶ್ನೆಗೆ ಉತ್ತರ ಕೊಟ್ಟ ಲೆಕ್ಕ ಹುಟ್ಟಿದ್ದೂ ಉಕ್ಕಿನಲ್ಲೇ. 1944ರಲ್ಲಿ ಜೆನರ್ ಮತ್ತು ಹಾಲೊಮನ್ ಎಂಬ ಇಬ್ಬರು ವಿಜ್ಞಾನಿಗಳು ಬಿಸಿ ಮತ್ತು ವೇಗ ಎರಡನ್ನೂ ಒಂದೇ ಸಂಖ್ಯೆಯೊಳಗೆ ಕಟ್ಟಿದರು. ಅದನ್ನು ಜೆಡ್ ಅನ್ನುತ್ತೇವೆ. ವೇಗ ಹೆಚ್ಚಿದರೆ ಜೆಡ್ ಹೆಚ್ಚು. ಬಿಸಿ ಇಳಿದರೂ ಜೆಡ್ ಹೆಚ್ಚು. ಜೆಡ್ ಹೆಚ್ಚಿದ್ದರೆ ಒಳಗಿನ ಕೋಣೆಗಳು ಚಿಕ್ಕದಾಗುತ್ತವೆ, ಬಿಗಿತ ಜಾಸ್ತಿ ಉಳಿಯುತ್ತದೆ. ಮುಂದೆ ಹೊಸ ಹರಳು ಹುಟ್ಟುವಾಗ ಹೆಚ್ಚು ಜಾಗದಲ್ಲಿ ಹುಟ್ಟಿ ಸಣ್ಣಗೆ ಉಳಿಯುತ್ತವೆ.

ಎರಡರಲ್ಲಿ ಯಾವುದು ಮೇಲು? ಆ ಲೆಕ್ಕದಲ್ಲಿ ಅಲ್ಯೂಮಿನಿಯಂಗೆ ಸಾಮಾನ್ಯವಾಗಿ ಬಳಸುವ ಆಕ್ಟಿವೇಶನ್ ಎನರ್ಜಿ, ಅಂದರೆ ಮೋಲ್‌ಗೆ 156 ಕಿಲೋಜೌಲ್ ಅಂಕಿ ಹಾಕಿ ನೋಡಿ. ಉರುಳೆಯ ವೇಗ ಹತ್ತು ಪಟ್ಟು ಮಾಡಿದರೆ ಜೆಡ್ ಹತ್ತು ಪಟ್ಟಾಗುತ್ತದೆ. ಬಿಸಿಯನ್ನು 400ರಿಂದ 300 ಡಿಗ್ರಿಗೆ ಇಳಿಸಿದರೆ ಜೆಡ್ ಸುಮಾರು 130 ಪಟ್ಟಾಗುತ್ತದೆ. ಮಿಲ್ಲಿನಲ್ಲಿ ವೇಗವನ್ನು ಹತ್ತು ಪಟ್ಟು ಮಾಡುವುದು ಹುಡುಗಾಟವಲ್ಲ. ನೂರು ಡಿಗ್ರಿ ಮಾತ್ರ ತೆಳ್ಳಗಾದ ಪಟ್ಟಿ ದಾರಿಯಲ್ಲಿ ನಿಂತರೆ ಇಳಿದುಹೋಗಬಹುದು. ಅದಕ್ಕೇ ಹೇಳುವುದು, ನಿಮ್ಮ ಕಾಲದ ಹಾಗೆಯೇ ಕೊನೆ ಪಾಸಿನ ಬಿಸಿಯ ಮೇಲೆ ಕಣ್ಣಿರಬೇಕು.

ವೇಗಕ್ಕೆ ಇನ್ನೊಂದು ಮುಖವೂ ಇದೆ. ಜೋರಾಗಿ ಓಡಿಸಿದರೆ ಒತ್ತುವ ಕೆಲಸದಿಂದಲೇ ಶಾಖ ಹುಟ್ಟುತ್ತದೆ, ಆರಲು ಸಮಯವೂ ಸಿಗುವುದಿಲ್ಲ. ಶೀಟ್ ಇನ್ನೂ ಬಿಸಿಯಾಗಿ ಹೊರಬರುತ್ತದೆ.

ವರ್ಕ್‌ಶಾಪ್ ಅಣ್ಣ, ಸರಬರಾಜು ಮಾಡಿದವರ ಹತ್ತಿರ ಮೂರು ವಿಷಯ ಕೇಳಿ. ಬಿಸಿ ರೋಲಿಂಗ್ ಮುಗಿದಾಗ ದಪ್ಪ ಎಷ್ಟಿತ್ತು, ಬಿಸಿ ಎಷ್ಟಿತ್ತು, ಆಮೇಲೆ ತಣ್ಣಗಿನ ರೋಲಿಂಗ್ ಎಷ್ಟು ಮಾಡಿದರು. ಜಗಳ ಬೇಡ. ಮಿಲ್ಲಿನ ಲಾಗ್‌ನಲ್ಲಿ ಇರುತ್ತದೆ ಅಂತ ಹೇಳಿ.

ಮಾಚೇನಹಳ್ಳಿ ವರ್ಕ್‌ಶಾಪ್

ನಾಲ್ಕು ದಿನ ಓಡಾಡಿ ಉತ್ತರ ಸಿಕ್ಕಿತು. ಗ್ರೇಡ್ ಒಂದೇ ಆದರೂ ಎರಡು ಲಾಟ್ ಬೇರೆ ಬೇರೆ ಮಿಲ್ಲಿನದಂತೆ. ನನಗೆ ಇದು ಗೊತ್ತೇ ಇರಲಿಲ್ಲ.

ಹಳೆ ಲಾಟ್: ಬಿಸಿ ರೋಲಿಂಗ್ ಮುಗಿದಾಗ 6 ಮಿ.ಮೀ. ಅಲ್ಲಿಂದ ತಣ್ಣಗೆ 2 ಮಿ.ಮೀ.ಗೆ ಇಳಿಸಿ ಅನೀಲ್ ಮಾಡಿದ್ದಾರೆ, ಅಂದರೆ ಭಟ್ಟಿಯಲ್ಲಿ ಕಾಯಿಸಿ ಮೆತ್ತಗೆ ಮಾಡಿದ್ದಾರೆ.

ಹೊಸ ಲಾಟ್: ಬಿಸಿ ರೋಲಿಂಗ್‌ನಲ್ಲೇ 2.2 ಮಿ.ಮೀ. ತನಕ ಬಂದಿದೆ, ಹೊರಬಂದಾಗ ಸುಮಾರು 350 ಡಿಗ್ರಿ. ದಪ್ಪ ಸರಿಮಾಡಲು ತಣ್ಣಗೆ ಒಂದೇ ಪಾಸ್, ಆಮೇಲೆ ಅನೀಲ್.

ತೀರ್ಥಹಳ್ಳಿ ಮೆಟಲರ್ಜಿ

ಸಿಕ್ಕಿತು ನೋಡಿ.

350 ಡಿಗ್ರಿಯಲ್ಲಿ ಸುತ್ತಿದ ಕಾಯಿಲ್ ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ದೊಡ್ಡ ಕಾಯಿಲ್ ಎಂದರೆ ಟನ್ನುಗಟ್ಟಲೆ ಲೋಹ, ಅಷ್ಟು ಬೇಗ ಆರುವುದಿಲ್ಲ. ಆ ಹೊತ್ತಿನಲ್ಲಿ ರೋಲಿಂಗ್‌ನ ಬಿಗಿತವೆಲ್ಲ ಬಿಚ್ಚಿಹೋಗಿ ಹೊಸ ಹರಳು ಹುಟ್ಟಿ ಶೀಟ್ ತಾನಾಗಿಯೇ ಮೆತ್ತಗಾಗಿದೆ. ಅಲ್ಲಿಗೆ ಬಿಟ್ಟಿದ್ದರೆ ಬಹುಶಃ ನಿಮ್ಮ ಪಾತ್ರೆ ಚೆನ್ನಾಗಿಯೇ ಬರುತ್ತಿತ್ತು. ಆದರೆ 2.2ರಿಂದ 2ಕ್ಕೆ ಒಂದು ಪಾಸ್ ಕೊಟ್ಟರು. ಅಂದರೆ ಶೇ. 9ರಷ್ಟು. ಅದೇ ಕೆಟ್ಟ ಪ್ರಮಾಣ.

ಗದ್ದೆಯ ಅಗೆ ಮಡಿ ನೆನಪಿಸಿಕೊಳ್ಳಿ. ಬೀಜ ಒತ್ತಾಗಿ ಚೆಲ್ಲಿದರೆ ಸಾವಿರ ಸಸಿ ಏಳುತ್ತವೆ, ಒಂದೊಂದಕ್ಕೂ ಬೆರಳಗಲ ಜಾಗ. ಅಲ್ಲೊಂದು ಇಲ್ಲೊಂದು ಬೀಜ ಬಿದ್ದರೆ ಒಂದೊಂದು ಗಿಡವೂ ಮೊಳದಗಲ ಹರಡುತ್ತದೆ. ಶೇ. 67ರಷ್ಟು ತಣ್ಣಗೆ ರೋಲ್ ಮಾಡಿದ ಹಳೆ ಲಾಟಿನಲ್ಲಿ ಬಿಗಿತ ಎಲ್ಲೆಲ್ಲೂ ಇತ್ತು. ಅನೀಲ್ ಮಾಡಿದಾಗ ಎಲ್ಲೆಲ್ಲೂ ಹೊಸ ಹರಳು ಮೊಳೆತು ಒಂದಕ್ಕೊಂದು ಡಿಕ್ಕಿಯಾಗಿ ನಿಂತವು. ಹೊಸ ಲಾಟಿನಲ್ಲಿ ಬೆಳೆಯಲು ಸಾಕಾಗುವಷ್ಟು ಬಿಗಿತ ಇತ್ತು, ಹುಟ್ಟಲು ಸಾಕಾಗುವಷ್ಟು ಇರಲಿಲ್ಲ. ಎಲ್ಲೋ ಕೆಲವು ಹರಳು ಮಾತ್ರ ಎದ್ದು ಸುತ್ತಲಿನದನ್ನೆಲ್ಲ ನುಂಗಿದವು. ಇದನ್ನು ಕ್ರಿಟಿಕಲ್ ಸ್ಟ್ರೇನ್ ಅನ್ನುತ್ತಾರೆ.

ಒಂದು ವಿಷಯ ಗಮನಿಸಿ. ಅದೇ ಶೀಟ್ ಬಿಸಿ ರೋಲಿಂಗ್‌ನಿಂದ ಇನ್ನೂ ತಣ್ಣಗೆ, ಹರಳು ಹೊಸದಾಗಿ ಹುಟ್ಟುವ ಮುಂಚೆಯೇ ಹೊರಬಂದಿದ್ದರೆ, ರೋಲಿಂಗ್‌ನ ಬಿಗಿತ ಒಳಗೇ ಉಳಿದಿರುತ್ತಿತ್ತು. ಅದರ ಮೇಲೆ ಶೇ. 9 ಸೇರಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ಕೊನೆಯ ಪಾಸ್ ಎಷ್ಟು ಅನ್ನುವುದನ್ನು ಬಿಸಿ ರೋಲಿಂಗ್‌ನ ಕೊನೆಯ ತಾಪ ನೋಡದೆ ನಿರ್ಧರಿಸಿದ್ದೇ ತಪ್ಪು.

ಹೊಸನಗರದಿಂದ ಹೊರಟವನು

ತಂಪು ಪಾನೀಯದ ಡಬ್ಬಿಗೆ ಶೀಟ್ ಮಾಡುವ ಕಡೆ ಕೆಲಸ ಮಾಡಿದ್ದೇನೆ. ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಬಿಸಿಯಾಗಿ ಹೊರಬರುವುದೇ ಕೆಟ್ಟದ್ದು ಅಂತ ಓದಿದವರು ತಿಳಿಯುತ್ತಾರೆ. ಡಬ್ಬಿಯ ಮೈಗೆ ಬಳಸುವ 3104ರಲ್ಲಿ ನಾವು ಬೇಕೆಂದೇ 300 ಡಿಗ್ರಿ ದಾಟಿಸಿ ಕಾಯಿಲ್ ಸುತ್ತುತ್ತೇವೆ. ಅದು ತನ್ನ ಬಿಸಿಯಲ್ಲೇ ಅನೀಲ್ ಆಗುತ್ತದೆ, ಭಟ್ಟಿಯ ಖರ್ಚು ಉಳಿಯುತ್ತದೆ. ಆದರೆ ಆಮೇಲೆ ತಣ್ಣಗೆ ಶೇ. 80ಕ್ಕೂ ಜಾಸ್ತಿ ಇಳಿಸುತ್ತೇವೆ.

ಅಲ್ಲಿ ನಮಗೆ ಬೇಕಾದದ್ದು ಹರಳುಗಳ ದಿಕ್ಕು. ಬಿಸಿ ಪಟ್ಟಿಯಲ್ಲಿ, ಅಂದರೆ ಬಿಸಿ ರೋಲಿಂಗ್‌ನಿಂದ ಹೊರಬಂದ ಶೀಟಿನಲ್ಲಿ, ಹೊಸ ಹರಳು ಹುಟ್ಟಿದಾಗ ಹಲವು ಹರಳುಗಳಲ್ಲಿ ಪರಮಾಣು ಜೋಡಣೆಯ ಘನಾಕಾರ (ಕ್ಯೂಬ್) ರೋಲಿಂಗ್ ದಿಕ್ಕಿಗೆ ಸರಿಯಾಗಿ ನಿಲ್ಲುತ್ತದೆ. ಅದನ್ನು ಕ್ಯೂಬ್ ಟೆಕ್ಸ್ಚರ್ ಅನ್ನುತ್ತಾರೆ. ಅದಿದ್ದರೆ ಕಪ್ ಎಳೆದಾಗ ಅಂಚಿನ ಕಿವಿಗಳು (ಅಂಚು ಅಲೆಯಂತೆ ಮೇಲೆದ್ದ ಜಾಗಗಳು) ರೋಲಿಂಗ್ ದಿಕ್ಕಿಗೆ 0 ಮತ್ತು 90 ಡಿಗ್ರಿಯಲ್ಲಿ ಏಳುತ್ತವೆ. ಜಾಸ್ತಿ ತಣ್ಣಗೆ ರೋಲ್ ಮಾಡಿದ ಶೀಟಿನಲ್ಲಿ ಕಿವಿ 45 ಡಿಗ್ರಿಯಲ್ಲಿ. ಎರಡನ್ನೂ ತೂಗಿಸಿದರೆ ಅಂಚು ಸಮ ಬರುತ್ತದೆ. ನಿಮ್ಮ ಪಾತ್ರೆಯ ಅಂಚಿನ ಕಿವಿ ಎಲ್ಲಿ ಏಳುತ್ತದೆ ನೋಡಿ, ಶೀಟಿನ ಚರಿತ್ರೆ ಅರ್ಧ ಅಲ್ಲೇ ಇರುತ್ತದೆ.

ಇಂಜಿನಿಯರಿಂಗ್ ವಿದ್ಯಾರ್ಥಿನಿ, ಶಿವಮೊಗ್ಗ

3003ರಲ್ಲಿ ಮ್ಯಾಂಗನೀಸ್ ಇದೆಯಲ್ಲ, ಅದು ಗ್ರೇನ್ ಬೆಳೆಯದಂತೆ ತಡೆಯಬೇಕಲ್ಲವೇ? ಕ್ಲಾಸಿನಲ್ಲಿ ಹಾಗೆ ಓದಿದ್ದೆವು.

ತೀರ್ಥಹಳ್ಳಿ ಮೆಟಲರ್ಜಿ

ತಡೆಯುತ್ತದೆ, ಆದರೆ ಅದು ಎಲ್ಲಿ, ಯಾವ ಗಾತ್ರದಲ್ಲಿ ಕೂತಿದೆ ಅನ್ನುವುದು ಮುಖ್ಯ. ಒಂದು ಮೈಕ್ರಾನಿಗಿಂತ ದೊಡ್ಡ ಕಣಗಳ ಸುತ್ತ ರೋಲಿಂಗ್ ವೇಳೆ ಬಿಗಿತ ಗಂಟು ಕಟ್ಟುತ್ತದೆ. ಹೊಸ ಹರಳು ಅಲ್ಲೇ ಮೊಳೆಯುತ್ತದೆ. ಅವು ಒಳ್ಳೆಯ ಬೀಜ. ತೀರಾ ಸಣ್ಣ ಕಣಗಳು ಹರಳಿನ ಗಡಿಯನ್ನು ಹಿಡಿದು ನಿಲ್ಲಿಸುತ್ತವೆ. ಕಣ ಸಣ್ಣದಾಗಿ, ಸಂಖ್ಯೆಯಲ್ಲಿ ಜಾಸ್ತಿಯಾಗಿದ್ದಷ್ಟೂ ಹಿಡಿತ ಗಟ್ಟಿ. ದಿಮ್ಮಿಯನ್ನು 600 ಡಿಗ್ರಿ ಹತ್ತಿರ ಸಾಕಷ್ಟು ಹೊತ್ತು ಇಡದೆ ಮ್ಯಾಂಗನೀಸ್ ಲೋಹದಲ್ಲಿ ಕರಗಿಯೇ ಉಳಿದರೆ ತೊಂದರೆ. ಅನೀಲ್ ಭಟ್ಟಿಯಲ್ಲಿ ಶೀಟ್ ನಿಧಾನ ಕಾಯುವಾಗ ಅದು ಸಣ್ಣ ಕಣವಾಗಿ ಹೊರಬಂದು ಹೊಸ ಹರಳು ಮೊಳೆಯುವುದನ್ನೇ ತಡೆಯುತ್ತದೆ. ಮೊಳೆತ ಕೆಲವೇ ಹರಳು ದೊಡ್ಡದಾಗುತ್ತವೆ. ಬೇಗ ಕಾಯಿಸಿದರೆ ಗ್ರೇನ್ ಸಣ್ಣಗೆ ಬರುತ್ತದೆ.

ವಿಮಾನಕ್ಕೆ ಬಳಸುವ 7050 ದಪ್ಪ ಪ್ಲೇಟಿನಲ್ಲಿ ಈ ತಡೆಯೇ ಬೇಕು. ಅಲ್ಲಿ ಜಿರ್ಕೋನಿಯಂ ಕಣ ಇಟ್ಟು ಹರಳು ಹೊಸದಾಗಿ ಹುಟ್ಟದಂತೆ ನೋಡಿಕೊಳ್ಳುತ್ತಾರೆ. ಅದು ಬೇರೆಯೇ ಲೋಕ.

ಮಾಚೇನಹಳ್ಳಿ ವರ್ಕ್‌ಶಾಪ್

ಮುನ್ನೂರು ಸರ್ಕಲ್ ಏನು ಮಾಡಲಿ?

ಭದ್ರಾವತಿ ಹಳೆ ರೋಲರ್

ನನಗೆ ಈಗ ತಿಳಿದ ಮಟ್ಟಿಗೆ ಹೇಳುತ್ತೇನೆ. ಇದೇ ಶೀಟನ್ನು ತಣ್ಣಗೆ ಅರ್ಧದಷ್ಟು ತೆಳ್ಳಗೆ ಮಾಡಿ ಮತ್ತೆ ಅನೀಲ್ ಮಾಡಿದರೆ ಮಾತ್ರ ಗ್ರೇನ್ ಸಣ್ಣಗಾಗಬೇಕು. ಕತ್ತರಿಸಿದ ಸರ್ಕಲ್‌ಗೆ ಅದು ಆಗುವ ಕೆಲಸವಲ್ಲ. ಜಾಸ್ತಿ ಎಳೆಯದ ಚಪ್ಪಟೆ ಮುಚ್ಚಳ, ತಟ್ಟೆಗೆ ಬಳಸಿ. ಎಳೆದಷ್ಟೂ ಒರಟು. ಎಳೆಯದಿದ್ದರೆ ಗ್ರೇನ್ ದೊಡ್ಡದಿದೆ ಅಂತ ಯಾರಿಗೂ ಕಾಣುವುದಿಲ್ಲ.

ತೀರ್ಥಹಳ್ಳಿ ಮೆಟಲರ್ಜಿ

ಸರಿಯಾಗಿ ಹೇಳಿದಿರಿ ಸರ್. ಮುಂದಿನ ಆರ್ಡರಿನಲ್ಲಿ ಒಂದು ಸಾಲು ಸೇರಿಸಿ: "ಕೊನೆಯ ಅನೀಲ್‌ಗೆ ಮುಂಚೆ ತಣ್ಣಗಿನ ರೋಲಿಂಗ್ ಶೇ. 50ಕ್ಕೆ ಕಡಿಮೆ ಇರಬಾರದು. ಬಿಸಿ ಪಟ್ಟಿಯ ದಪ್ಪ ಮತ್ತು ಹೊರಬಂದ ತಾಪ ತಿಳಿಸಬೇಕು." 3003ಕ್ಕೆ ಅನೀಲ್ ಸಾಮಾನ್ಯವಾಗಿ 415 ಡಿಗ್ರಿ ಆಸುಪಾಸು. ಮೆತ್ತಗಾದ ಮೇಲೂ ಭಟ್ಟಿಯಲ್ಲಿ ಬಿಡಬಾರದು.

ಮಾಚೇನಹಳ್ಳಿ ವರ್ಕ್‌ಶಾಪ್

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಆ ಸಾಲು ಆರ್ಡರಿನಲ್ಲಿ ಹಾಕಿದೆ. ಮೊದಲು ಗೊಣಗಿದರು, ಆಮೇಲೆ ಒಪ್ಪಿದರು. ಹೊಸ ಶೀಟ್ 5 ಮಿ.ಮೀ. ಬಿಸಿ ಪಟ್ಟಿಯಿಂದ ಬಂದದ್ದು ಅಂತ ಬರೆದು ಕೊಟ್ಟಿದ್ದಾರೆ. ಲಾರಿಯಿಂದ ಇಳಿಸಿದ ಕೂಡಲೇ ಒಂದು ತುಂಡು ಕತ್ತರಿಸಿ ಸೋಡಾದಲ್ಲಿ ಅದ್ದಿದೆವು. ಒಂದೇ ಸಮ ಬೂದು. ನಿನ್ನೆ ಇಪ್ಪತ್ತು ಬೋಗುಣಿ ಎಳೆದೆವು, ಭುಜ ನುಣ್ಣಗೆ ಬಂತು. ಅಂಚಿನ ಕಿವಿಯನ್ನೂ ನೋಡಿದೆ, 45 ಡಿಗ್ರಿಯಲ್ಲಿ ಸ್ವಲ್ಪವೇ ಎದ್ದಿದೆ.

ಹಳೆ ಮುನ್ನೂರರಲ್ಲಿ ಇನ್ನೂರು ಮುಚ್ಚಳವಾಗಿ ಹೋಯಿತು. ವಿದ್ಯಾರ್ಥಿನಿ ತಂಗಿ ತಮ್ಮ ಲ್ಯಾಬಿಗೆ ಕೆಲವು ತುಂಡು ಬೇಕು ಅಂದಿದ್ದರು, ಎರಡೂ ಲಾಟಿನದು ರೋಲಿಂಗ್ ದಿಕ್ಕು ಗುರುತು ಹಾಕಿ ಕಟ್ಟಿಟ್ಟಿದ್ದೇನೆ. ಶನಿವಾರ ಬಂದರೆ ಕೊಡುತ್ತೇನೆ.